ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್ಟೋ, ಟೈರಿಗೆ ಗಾಳಿಯೋ? ಮೈಲೇಜ್‌ಗೆ ದುಡ್ಡು ಹಾಕುವ ಮೊದಲು

ಆನ್‌ಲೈನ್ ಅಂಗಡಿಯಲ್ಲಿ ‘ಫ್ಯೂಯಲ್ ಸೇವರ್’ ಅಂತ ಹುಡುಕಿ ನೋಡಿ. ಎರಡು ಕಪ್ಪು ತುಂಡುಗಳು, ಕಟ್ಟಲು ಒಂದು ಪ್ಲಾಸ್ಟಿಕ್ ಟೈ, ಮೇಲೊಂದು ಹೊಳೆಯುವ ಸ್ಟಿಕರ್. ಪೆಟ್ರೋಲ್ ಪೈಪಿಗೆ ಕಟ್ಟಿದರೆ ಮೈಲೇಜ್ ಶೇ 20 ಜಾಸ್ತಿ, ಹೊಗೆ ಕಮ್ಮಿ, ಪಿಕಪ್ ಚೆನ್ನಾಗಿ ಬರುತ್ತದೆ ಅಂತ ಬರೆದಿರುತ್ತಾರೆ. ಒಳಗಿರುವುದು ಫೆರೈಟ್ ಅಥವಾ ನಿಯೋಡಿಮಿಯಂ ಮ್ಯಾಗ್ನೆಟ್. ಬೆಲೆ ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರದವರೆಗೆ. ‘ಹೋದರೆ ಐನೂರು ರೂಪಾಯಿ, ನೋಡೇ ಬಿಡೋಣ’ ಅನ್ನಿಸುವುದು ಸಹಜ.

ಆದರೆ ಅದೇ ಐನೂರು, ಸಾವಿರಕ್ಕೆ ಬೇರೆ ಏನೆಲ್ಲ ಮಾಡಿಸಬಹುದು ಅನ್ನುವುದನ್ನೂ ನೋಡಬೇಕು, ಅಲ್ವಾ? ಮ್ಯಾಗ್ನೆಟ್, ಟ್ಯಾಂಕಿಗೆ ಸುರಿಯುವ ಬಾಟಲಿ, ಪ್ರೀಮಿಯಂ ಪೆಟ್ರೋಲ್, ಹೈಡ್ರೋಜನ್ ಕಿಟ್, ಸರ್ವಿಸ್, ಸಿಎನ್‌ಜಿ ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಈ ಸಾಲಿನಲ್ಲಿ ಮ್ಯಾಗ್ನೆಟ್‌ಗೂ ಹೈಡ್ರೋಜನ್ ಕಿಟ್‌ಗೂ ಕೊನೆಯ ಜಾಗಕ್ಕೆ ಪೈಪೋಟಿ.

ಉರಿಯದೆ ಉಳಿಯುವುದು ಎಷ್ಟು?

ಮಾರುವವರ ವಾದ ಸರಳ. ಪೆಟ್ರೋಲಿನ ಕಣಗಳು ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ, ಮ್ಯಾಗ್ನೆಟ್ ಅವನ್ನು ಬಿಡಿಸುತ್ತದೆ, ಆಗ ಪೂರ್ತಿ ಉರಿಯುತ್ತದೆ. ಅಂದರೆ ಈಗ ಬಹಳಷ್ಟು ಉರಿಯದೆ ಹೋಗುತ್ತಿದೆ ಅಂತ ನಾವು ಒಪ್ಪಿಕೊಳ್ಳಬೇಕು. ಹೋಗುತ್ತಿದೆಯಾ?

ನಿಮ್ಮ ಎಮಿಷನ್ ಟೆಸ್ಟ್ ಚೀಟಿ ತೆಗೆದು ನೋಡಿ. ಎಚ್‌ಸಿ ಅಂತ ಒಂದು ಸಾಲು ಇರುತ್ತದೆ. ಅದೇ ಉರಿಯದ ಇಂಧನದ ಲೆಕ್ಕ. ಅದನ್ನು ಶೇಕಡಾದಲ್ಲಿ ಬರೆಯುವುದಿಲ್ಲ, ಪಿಪಿಎಂನಲ್ಲಿ ಬರೆಯುತ್ತಾರೆ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಅಂತ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಮಿತಿ 200 ಪಿಪಿಎಂ. ಆ ಮಿತಿಯ ಅಂಚಿನಲ್ಲೇ ಇರುವ ಕಾರಲ್ಲೂ ಹೊಗೆಕೊಳವೆಯಿಂದ ಉರಿಯದೆ ಹೊರಹೋಗುವ ಇಂಧನ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಕಡಿಮೆ ಮಾಡಿ ತೋರಿಸುತ್ತದೆ ಅಂತ ನೀವು ಹೇಳಬಹುದು. ಸರಿ, ಕನ್ವರ್ಟರ್‌ಗೆ ಮೊದಲೇ ಅಳೆದರೂ ಬಿಸಿಯಾದ ಒಳ್ಳೆಯ ಇಂಜಿನ್‌ನಲ್ಲಿ ನೂರಕ್ಕೆ 97, 98 ಪಾಲು ಉರಿದೇ ಇರುತ್ತದೆ. ಮ್ಯಾಗ್ನೆಟ್ ಪವಾಡ ಮಾಡಿ ಪೂರ್ತಿ ಉರಿಸಿದರೂ ಸಿಗುವುದು ಎರಡು ಮೂರು ಪಾಲು. ಶೇ 20 ಎಲ್ಲಿಂದ ಬರಬೇಕು?

ಹಾಗಾದರೆ ದುಡ್ಡು ಎಲ್ಲಿ ಸೋರುತ್ತಿದೆ? ಉರಿದ ಮೇಲೆ. ಪೆಟ್ರೋಲ್ ಶಕ್ತಿಯ ಮೂರರಲ್ಲಿ ಎರಡು ಪಾಲು ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಬಿಸಿಯಾಗಿ ಹೋಗುತ್ತದೆ. ಊರೊಳಗಿನ ಓಡಾಟದಲ್ಲಿ ಚಕ್ರಕ್ಕೆ ತಲುಪುವುದು ನೂರಕ್ಕೆ ಇಪ್ಪತ್ತು ಆಸುಪಾಸು. ಅದನ್ನೂ ಬ್ರೇಕು, ಟೈರು, ಎದುರುಗಾಳಿ ಹಂಚಿಕೊಳ್ಳುತ್ತವೆ. ಪೈಪಿಗೆ ಕಟ್ಟಿದ ಮ್ಯಾಗ್ನೆಟ್ ಇದರಲ್ಲಿ ಯಾವುದನ್ನೂ ಮುಟ್ಟುವುದಿಲ್ಲ.

ಹಳೆ ಟೂ-ಸ್ಟ್ರೋಕ್ ಗಾಡಿಗಳ ಕಥೆ ಮಾತ್ರ ಬೇರೆ. ಮೈಸೂರಿನ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಬಂದ ಜಾವಾ, ಯೆಜ್ಡಿಗಳನ್ನು ಇವತ್ತಿಗೂ ಜೋಪಾನ ಮಾಡಿರುವವರು ಇದ್ದಾರೆ. ಅವುಗಳಲ್ಲಿ ನಿಜವಾಗಿಯೂ ಸಾಕಷ್ಟು ಪೆಟ್ರೋಲ್ ಉರಿಯದೆ ಹೋಗುತ್ತದೆ. ಹೊಸ ಪೆಟ್ರೋಲ್-ಗಾಳಿ ಮಿಶ್ರಣ ಒಳಗೆ ಬರುವಾಗ ಸೈಲೆನ್ಸರ್ ಕಡೆಯ ಪೋರ್ಟ್ ಇನ್ನೂ ತೆರೆದೇ ಇರುತ್ತದೆ. ಒಂದಿಷ್ಟು ನೇರ ಹೊರಗೆ ಹೋಗಿಬಿಡುತ್ತದೆ. ಅದು ಆ ಇಂಜಿನ್ ಕಟ್ಟಿರುವ ರೀತಿ. ಮ್ಯಾಗ್ನೆಟ್ ಕಟ್ಟಿದರೆ ಆ ಬಾಗಿಲು ಮುಚ್ಚುವುದಿಲ್ಲ.

ಮ್ಯಾಗ್ನೆಟ್ ಪೆಟ್ರೋಲಿಗೆ ಏನು ಮಾಡುತ್ತದೆ

ಹೆಚ್ಚು ಕಡಿಮೆ ಏನೂ ಇಲ್ಲ. ಪೆಟ್ರೋಲ್, ಡೀಸೆಲ್ ಎರಡೂ ಕಬ್ಬಿಣದ ಹಾಗೆ ಮ್ಯಾಗ್ನೆಟ್‌ಗೆ ಅಂಟುವ ಜಾತಿಯವಲ್ಲ. ಅವನ್ನು ಮ್ಯಾಗ್ನೆಟ್ ತೀರಾ ಸಣ್ಣದಾಗಿ ದೂರ ತಳ್ಳುತ್ತದೆ, ಅಷ್ಟೇ. ಅದೂ ಮ್ಯಾಗ್ನೆಟ್ ಹತ್ತಿರ ಇರುವಷ್ಟು ಹೊತ್ತು ಮಾತ್ರ. ದ್ರವದೊಳಗಿನ ಕಣಗಳು ಸುಮ್ನೆ ಕೂತಿರುವುದಿಲ್ಲ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಒಂದಕ್ಕೊಂದು ಗುದ್ದಿಕೊಂಡು ಉರುಳುತ್ತಿರುತ್ತವೆ. ಬೈಕಿನ ಪೈಪಿನಲ್ಲಿ ಪೆಟ್ರೋಲ್ ಹರಿಯುವುದು ಸೆಕೆಂಡಿಗೆ ಒಂದು ಸೆಂಟಿಮೀಟರ್ ಆಸುಪಾಸು. ಮ್ಯಾಗ್ನೆಟ್ ಅವನ್ನು ಸಾಲಾಗಿ ನಿಲ್ಲಿಸಿತು ಅಂತಲೇ ಇಟ್ಟುಕೊಳ್ಳಿ. ಇಂಜಿನ್ ತಲುಪುವ ಹೊತ್ತಿಗೆ ಆ ಸಾಲು ಎಲ್ಲಿ ಉಳಿದಿರುತ್ತದೆ?

ಎಂಆರ್‌ಐ ಸ್ಕ್ಯಾನಿಂಗ್ ನೆನಪಿಸಿಕೊಳ್ಳಿ. ಅದರೊಳಗಿನ ಮ್ಯಾಗ್ನೆಟ್ 1.5 ಅಥವಾ 3 ಟೆಸ್ಲಾ (ಟೆಸ್ಲಾ ಅಂದರೆ ಮ್ಯಾಗ್ನೆಟ್ ಬಲದ ಅಳತೆ). ಪೈಪಿಗೆ ಕಟ್ಟುವ ತುಂಡು ಒಂದು ಟೆಸ್ಲಾವನ್ನೂ ಮುಟ್ಟುವುದಿಲ್ಲ. ನಮ್ಮ ಮೈಯ ಕೊಬ್ಬಿನಲ್ಲಿರುವುದೂ ಡೀಸೆಲ್‌ನಲ್ಲಿರುವಂಥದ್ದೇ ಉದ್ದುದ್ದ ಕಾರ್ಬನ್-ಹೈಡ್ರೋಜನ್ ಸರಪಳಿ. ಅರ್ಧ ಗಂಟೆ ಅಷ್ಟು ದೊಡ್ಡ ಮ್ಯಾಗ್ನೆಟ್‌ನೊಳಗೆ ಮಲಗಿ ಎದ್ದು ಬಂದವರ ಕೊಬ್ಬು ತೆಳ್ಳಗಾಗಿರುವುದಿಲ್ಲ, ಬೇಗ ಕರಗುವಂತೆಯೂ ಆಗಿರುವುದಿಲ್ಲ.

‘ಆರ್ಥೋ-ಪ್ಯಾರಾ ಹೈಡ್ರೋಜನ್’ ಅನ್ನುವ ಮಾತು ಜಾಹೀರಾತಿನಲ್ಲಿ ಕಂಡರೆ ಅಲ್ಲೇ ನಿಲ್ಲಿಸಿ. ಆರ್ಥೋ, ಪ್ಯಾರಾ ಅಂತ ಹೈಡ್ರೋಜನ್‌ನಲ್ಲಿ ಎರಡು ಬಗೆ ಇರುವುದು ನಿಜ. ಆದರೆ ಅದು ಎರಡು ಹೈಡ್ರೋಜನ್ ಪರಮಾಣು ಜೋಡಿಯಾಗಿರುವ ಹೈಡ್ರೋಜನ್ ಅನಿಲದ ವಿಷಯ. ಮೈನಸ್ 253 ಡಿಗ್ರಿಯಲ್ಲಿ ದ್ರವ ಹೈಡ್ರೋಜನ್ ತುಂಬಿಡುವ ರಾಕೆಟ್‌ನವರಿಗೆ ಅದು ಮುಖ್ಯ. ಪೆಟ್ರೋಲಿನಲ್ಲಿ ಹೈಡ್ರೋಜನ್ ಕಾರ್ಬನ್‌ಗೆ ಕಟ್ಟಿಕೊಂಡಿರುತ್ತದೆ. ಅಲ್ಲಿ ಈ ಮಾತಿಗೆ ಅರ್ಥವೇ ಇಲ್ಲ.

ಇನ್ನೊಂದು ತಮಾಷೆ ಇದೆ. ಕಾರಿನ ಇಂಧನ ಪೈಪು ಹಲವು ಕಡೆ ಉಕ್ಕಿನದು. ಉಕ್ಕಿನ ಪೈಪಿನ ಮೇಲೆ ಮ್ಯಾಗ್ನೆಟ್ ಕಟ್ಟಿದರೆ ಅದರ ಬಲದ ಬಹುಪಾಲು ಪೈಪಿನ ಗೋಡೆಯಲ್ಲೇ ಸುತ್ತಿಕೊಂಡು ಹೋಗುತ್ತದೆ. ಒಳಗಿನ ಪೆಟ್ರೋಲಿಗೆ ತಲುಪುವುದು ಅತ್ಯಲ್ಪ. ಸಾಧಾರಣ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಬಾನೆಟ್ ಒಳಗೆ ಇಂಜಿನ್ ಪಕ್ಕದಲ್ಲಿ ಅಷ್ಟು ಬಿಸಿ ಸುಲಭವಾಗಿ ಬರುತ್ತದೆ.

ನ್ಯಾಯವಾಗಿ ಹೇಳಬೇಕಾದ ಎರಡು ಮಾತು ಇವೆ. ಬೆಂಕಿಯ ಜ್ವಾಲೆ ಬಲವಾದ ಮ್ಯಾಗ್ನೆಟ್ ಹತ್ತಿರ ಬಾಗುತ್ತದೆ. ಇದನ್ನು 1847ರಲ್ಲೇ ಮೈಕೆಲ್ ಫ್ಯಾರಡೆ ಪ್ರಯೋಗ ಮಾಡಿ ಬರೆದಿದ್ದಾನೆ. ಆದರೆ ಅದು ಉರಿಯುವ ಜಾಗದಲ್ಲಿ ಮ್ಯಾಗ್ನೆಟ್ ಇಟ್ಟಾಗ ಆಗುವುದು, ಒಂದು ಮೀಟರ್ ಆಚೆ ಪೈಪಿಗೆ ಕಟ್ಟಿದಾಗಲ್ಲ. ಇನ್ನೊಂದು, ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದವರು 2006ರಲ್ಲಿ ಕಚ್ಚಾ ತೈಲದ ಮೇಲೆ ಮಾಡಿದ ಕೆಲಸ. ಮ್ಯಾಗ್ನೆಟ್ ಅಥವಾ ವಿದ್ಯುತ್ ಕ್ಷೇತ್ರ ಕೊಟ್ಟರೆ ಕಚ್ಚಾ ತೈಲ ಸ್ವಲ್ಪ ಹೊತ್ತು ತೆಳುವಾಗುತ್ತದೆ ಅಂತ ಅವರು ತೋರಿಸಿದರು. ಕಚ್ಚಾ ತೈಲದಲ್ಲಿ ಮೇಣ, ಡಾಂಬರಿನ ಕಣಗಳು ತೇಲುತ್ತಿರುತ್ತವೆ. ಅವು ಒಟ್ಟುಗೂಡುವುದರಿಂದ ಹಾಗಾಗುತ್ತದೆ. ಬಂಕಿನಲ್ಲಿ ಸಿಗುವ ಪೆಟ್ರೋಲ್ ಸೋಸಿ ಶುದ್ಧ ಮಾಡಿದ್ದು, ಅದರಲ್ಲಿ ಆ ಕಣಗಳೇ ಇಲ್ಲ. ಮಾರುವವರು ಈ ಎರಡೂ ಸುದ್ದಿ ತೋರಿಸಿದರೆ ಈ ವ್ಯತ್ಯಾಸ ನೆನಪಿರಲಿ.

ಹಾಗಾದರೆ ‘ಶೇ 12 ಉಳಿತಾಯ’ ಅನ್ನುವ ರಿಪೋರ್ಟ್‌ಗಳು?

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್‌ಗಳಲ್ಲಿ ಇದು ಸದಾ ಹಸಿರು ವಿಷಯ. ಅಳೆಯುವ ರೀತಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಲ್ಯಾಬ್‌ನಲ್ಲಿ ಒಂದು ಸಿಲಿಂಡರ್ ಡೀಸೆಲ್ ಇಂಜಿನ್ ಇರುತ್ತದೆ. ಇಂಧನ ಬ್ಯೂರೆಟ್‌ನಿಂದ, ಅಂದರೆ ಅಳತೆಯ ಗೆರೆಗಳಿರುವ ಗಾಜಿನ ಕೊಳವೆಯಿಂದ, ಇಳಿಯುತ್ತದೆ. 10 ಸಿಸಿ ಖಾಲಿಯಾಗಲು ಎಷ್ಟು ಸೆಕೆಂಡ್ ಅಂತ ಸ್ಟಾಪ್‌ವಾಚ್ ಒತ್ತಿ ನೋಡುತ್ತಾರೆ. 40 ಸೆಕೆಂಡ್ ಬಂತು ಅನ್ನಿ. ಬೆರಳು ಒಂದು ಸೆಕೆಂಡ್ ತಡ ಮಾಡಿದರೆ ಅಲ್ಲಿಗೆ ಶೇ 2.5 ‘ಉಳಿತಾಯ’. ಅದಕ್ಕಿಂತ ದೊಡ್ಡ ಮೋಸ ಕ್ರಮದಲ್ಲಿದೆ. ಮೊದಲು ಮ್ಯಾಗ್ನೆಟ್ ಇಲ್ಲದೆ ಅಳೆಯುತ್ತಾರೆ, ಆಮೇಲೆ ಕಟ್ಟಿ ಅಳೆಯುತ್ತಾರೆ. ಎರಡನೇ ಸಲಕ್ಕೆ ಇಂಜಿನ್ ಚೆನ್ನಾಗಿ ಬಿಸಿಯಾಗಿ ಆಯಿಲ್ ತೆಳ್ಳಗಾಗಿರುತ್ತದೆ. ಡೀಸೆಲ್ ಕಡಿಮೆ ಕುಡಿಯಲೇಬೇಕು. ಮ್ಯಾಗ್ನೆಟ್ ತೆಗೆದು ಮೂರನೇ ಸಲ ಅಳೆದಿದ್ದಾರಾ ಅಂತ ರಿಪೋರ್ಟ್‌ನಲ್ಲಿ ಹುಡುಕಿ. ಅಳೆಯದೇ ಇದ್ದರೆ ಪಕ್ಕಕ್ಕಿಡಿ.

ರಸ್ತೆಯಲ್ಲೂ ಇದೇ. ಮ್ಯಾಗ್ನೆಟ್ ಹಾಕಿಸಲು ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಏರ್ ಫಿಲ್ಟರ್ ಊದಿಕೊಡುತ್ತಾನೆ, ಚೈನಿಗೆ ಆಯಿಲ್ ಬಿಡುತ್ತಾನೆ. ನಾವೂ ಮೈಲೇಜ್ ನೋಡುವ ಹುಮ್ಮಸ್ಸಿನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ತಿರುಗಿಸುತ್ತೇವೆ. ಹೆಚ್ಚಿದ ಕಿಲೋಮೀಟರ್ ಸುಳ್ಳಲ್ಲ. ಹೆಚ್ಚಿಸಿದ್ದು ಬೇರೆ.

ಸರಿಯಾಗಿ ಅಳೆದವರೂ ಇದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ಇಂಧನ ಉಳಿಸುತ್ತದೆ ಅಂತ ಹೇಳಿಕೊಂಡ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಸ್ವಲ್ಪವಾದರೂ ಪ್ರಯೋಜನ ಕಂಡದ್ದು ಕೆಲವೇ ಕೆಲವು. 1980ರ ದಶಕದ ಆರಂಭದಲ್ಲಿ ಅದು ನೋಡಿದ ಸೂಪರ್-ಮ್ಯಾಗ್, ಪೋಲಾರಿಯನ್-ಎಕ್ಸ್ ಅನ್ನುವ ಮ್ಯಾಗ್ನೆಟ್ ಸಾಧನಗಳು ಆ ಕೆಲವುಗಳಲ್ಲಿ ಇರಲಿಲ್ಲ. 2000ರ ದಶಕದಲ್ಲಿ ‘ಫ್ಯೂಯಲ್‌ಮ್ಯಾಕ್ಸ್’ ಅನ್ನುವ ಮ್ಯಾಗ್ನೆಟ್ ಶೇ 27 ಮೈಲೇಜ್ ಹೆಚ್ಚಿಸುತ್ತದೆ ಅಂತ ಮಾರಿದವರನ್ನು ಅಲ್ಲಿನ ವ್ಯಾಪಾರ ಆಯೋಗ ಕೋರ್ಟಿಗೆ ಎಳೆಯಿತು. ನಲವತ್ತು ವರ್ಷದಿಂದ ಸರಕು ಅದೇ, ಸ್ಟಿಕರ್ ಮಾತ್ರ ಬದಲಾಗುತ್ತಿದೆ.

ಬೇರೆ ಆಯ್ಕೆಗಳು

ಹೈಡ್ರೋಜನ್ ಅಥವಾ ಎಚ್‌ಎಚ್‌ಓ ಕಿಟ್: ನೀರನ್ನು ಕರೆಂಟಿನಿಂದ ಒಡೆದು ಗ್ಯಾಸ್ ಮಾಡಿ ಇಂಜಿನ್‌ಗೆ ಕೊಡುತ್ತದೆ. ಆ ಕರೆಂಟ್ ಬರುವುದು ಆಲ್ಟರ್ನೇಟರ್‌ನಿಂದ, ಆಲ್ಟರ್ನೇಟರ್ ತಿರುಗುವುದು ನಿಮ್ಮದೇ ಪೆಟ್ರೋಲಿನಿಂದ. ಪ್ರತಿ ಹಂತದಲ್ಲೂ ಕಳೆದುಕೊಂಡು, ನೂರು ಪಾಲು ಪೆಟ್ರೋಲ್ ಶಕ್ತಿಯಲ್ಲಿ ಹೈಡ್ರೋಜನ್ ಆಗಿ ಮರಳುವುದು ಹತ್ತು ಪಾಲು ಆಗುವುದೂ ಕಷ್ಟ. ಮ್ಯಾಗ್ನೆಟ್ ಕನಿಷ್ಠ ಸುಮ್ನೆ ಕೂತಿರುತ್ತದೆ. ಇದು ಇರುವುದನ್ನೂ ತಿನ್ನುತ್ತದೆ.

ಟ್ಯಾಂಕಿಗೆ ಸುರಿಯುವ ಬಾಟಲಿ: ಇಂಜೆಕ್ಟರ್ ಕ್ಲೀನರ್‌ಗಳಲ್ಲಿ ನಿಜವಾದ ತೊಳೆಯುವ ರಾಸಾಯನಿಕ ಇರುತ್ತದೆ. ಇಂಜೆಕ್ಟರ್‌ನಲ್ಲಿ ಕೊಳೆ ಕೂತಿದ್ದರೆ, ಇಂಜಿನ್ ತಡವರಿಸುತ್ತಿದ್ದರೆ, ಒಮ್ಮೆ ಹಾಕಿ ನೋಡಬಹುದು. ಚೆನ್ನಾಗಿಯೇ ಓಡುತ್ತಿರುವ ಗಾಡಿಗೆ ಪ್ರತಿ ಟ್ಯಾಂಕಿಗೂ ಹಾಕುವುದು ದಂಡ.

ಪ್ರೀಮಿಯಂ ಪೆಟ್ರೋಲ್: ಆಕ್ಟೇನ್ ಜಾಸ್ತಿ ಅಂದರೆ ಶಕ್ತಿ ಜಾಸ್ತಿ ಅಂತಲ್ಲ, ಒತ್ತಡದಲ್ಲಿ ತಾನಾಗೇ ಹೊತ್ತಿಕೊಳ್ಳದೆ ತಡೆಯುತ್ತದೆ ಅಂತ. ಗಾಡಿಯ ಕೈಪಿಡಿಯಲ್ಲಿ ಕೇಳಿದ್ದರೆ ಹಾಕಿ, ಕೇಳದಿದ್ದರೆ ಬೇಡ. ಇಲ್ಲೇ ಇ20 ವಿಷಯವನ್ನೂ ಹೇಳಬೇಕು. ಲೀಟರ್ ಎಥೆನಾಲ್‌ನಲ್ಲಿ ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಶೇ 20 ಎಥೆನಾಲ್ ಬೆರೆಸಿದಾಗ ಶುದ್ಧ ಪೆಟ್ರೋಲಿಗಿಂತ ಶಕ್ತಿ ಶೇ 6ರಿಂದ 7 ಕಡಿಮೆ, ಹಿಂದಿನ ಇ10ಗಿಂತ ಶೇ 3.5 ಕಡಿಮೆ. ಈ ಕೊರತೆ ಇಂಧನದೊಳಗಿನದು. ಮ್ಯಾಗ್ನೆಟ್ ಆಗಲಿ ಬಾಟಲಿ ಆಗಲಿ ಇಲ್ಲದ ಶಕ್ತಿಯನ್ನು ತುಂಬಲಾರವು.

ಸಿಎನ್‌ಜಿ: ನಿಜವಾದ ಉಳಿತಾಯ, ಆದರೆ ದೊಡ್ಡ ಖರ್ಚು. ಕೇಜಿಗೆ ಇಷ್ಟು ಕಿಲೋಮೀಟರ್ ಅಂತ ಹೇಳಿದಾಗ ಬೀಗಬೇಡಿ. ಒಂದು ಕೇಜಿ ಸಿಎನ್‌ಜಿಯಲ್ಲಿ ಒಂದು ಲೀಟರ್ ಪೆಟ್ರೋಲಿನ ಒಂದೂವರೆ ಪಟ್ಟು ಶಕ್ತಿ ಇರುತ್ತದೆ, ಹಾಗಾಗಿ ಅಂಕಿ ದೊಡ್ಡದಾಗಿಯೇ ಕಾಣುತ್ತದೆ. ಕಿಲೋಮೀಟರಿಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿ. ಒಪ್ಪಿಗೆ ಪಡೆದ ಕಿಟ್ ಹಾಕಿಸಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಸಿಲಿಂಡರ್ ಅನ್ನು ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು. ಡಿಕ್ಕಿಯ ಜಾಗ ಹೋಗುತ್ತದೆ. ದಿನವೂ ದೂರ ಓಡಿಸುವವರಿಗೆ, ದಾರಿಯಲ್ಲಿ ಬಂಕ್ ಇರುವವರಿಗೆ ಇದು ಸರಿ. ವಾರಕ್ಕೊಮ್ಮೆ ಕಾರು ತೆಗೆಯುವವರಿಗೆ ಹಾಕಿದ ದುಡ್ಡು ಬೇಗ ಹುಟ್ಟುವುದಿಲ್ಲ.

ಸರ್ವಿಸ್ ಮತ್ತು ಟೈರು: ಬೇಜಾರಿನ ಆಯ್ಕೆ, ಆದರೆ ಗೆಲ್ಲುವುದು ಇದೇ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ಟೈರಿನ ಗಾಳಿ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಶೇ 0.2 ಇಳಿಯುತ್ತದೆ. ನಾಲ್ಕೂ ಟೈರಿನಲ್ಲಿ 33 ಇರಬೇಕಾದಲ್ಲಿ 23 ಇದ್ದರೆ ಶೇ 2 ಹೋಯಿತು. ಕೆಟ್ಟ ಆಕ್ಸಿಜನ್ ಸೆನ್ಸರ್‌ನಂಥ ದೊಡ್ಡ ದೋಷ ಸರಿಪಡಿಸಿದರೆ ಶೇ 40ರವರೆಗೂ ಸುಧಾರಿಸಬಹುದು. ಧಡ್ ಅಂತ ಎಳೆದು ಗಕ್ಕನೆ ಬ್ರೇಕ್ ಹಾಕುವ ಚಟ ಊರೊಳಗೆ ಶೇ 10ರಿಂದ 40 ತಿನ್ನುತ್ತದೆ. ಇವೂ ಅದೇ ಇಲಾಖೆಯ ಅಂಕಿಗಳು. ನಮ್ಮಲ್ಲಿ ಇಂಧನ ಉಳಿತಾಯದ ಸರ್ಕಾರಿ ಸಂಸ್ಥೆ ಪಿಸಿಆರ್‌ಎ ವರ್ಷಗಳಿಂದ ಹೇಳುತ್ತಿರುವುದೂ ಇದನ್ನೇ: 45ರಿಂದ 55ರ ವೇಗ, ಸರಿಯಾದ ಗಾಳಿ, ಸಿಗ್ನಲ್‌ನಲ್ಲಿ ಇಂಜಿನ್ ಆಫ್. ಕೇಳಿ ಕೇಳಿ ಸಾಕಾಗಿದೆ ನಿಜ, ಆದರೆ ಅಂಕಿ ಸುಳ್ಳು ಹೇಳುವುದಿಲ್ಲ.

ನಿಮ್ಮ ಗಾಡಿಗೆ ಯಾವುದು

ಬೈಕ್ ಇದ್ದರೆ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ತಿರುಗಬೇಕು. ಸರ್ ಅಂತ ಸದ್ದು ಮಾಡಿ ನಿಂತುಬಿಟ್ಟರೆ ಬ್ರೇಕ್ ಹಿಡಿಯುತ್ತಿದೆ. ಅದನ್ನು ಸಡಿಲಿಸಲು ಮೆಕ್ಯಾನಿಕ್‌ಗೆ ಐದು ನಿಮಿಷ ಸಾಕು. ಕಾರಾದರೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಡಿಸ್ಕ್ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಜಾಸ್ತಿ ಕಾದಿದ್ದರೆ ಅಲ್ಲೇ ಪೆಟ್ರೋಲ್ ಹೋಗುತ್ತಿದೆ.

ಕಾರಿನವರು ಮ್ಯಾಗ್ನೆಟ್‌ನ ದುಡ್ಡಿಗೆ ಕಾರಿನ ಕಂಪ್ಯೂಟರ್‌ನ ಮಾಹಿತಿ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಕೊಳ್ಳಿ ಅಂತ ನನ್ನ ಸಲಹೆ. ಸ್ಟೀರಿಂಗ್ ಕೆಳಗೆ ಚುಚ್ಚಿ ಫೋನಿನಲ್ಲಿ ನೋಡಬಹುದು. ಕೂಲೆಂಟ್ ಬಿಸಿ ಎಷ್ಟು ಅಂತ ಮೊದಲು ನೋಡಿ. ಅರ್ಧ ಗಂಟೆ ಓಡಿದರೂ 60, 65 ದಾಟದಿದ್ದರೆ ಥರ್ಮೋಸ್ಟಾಟ್, ಅಂದರೆ ಕೂಲೆಂಟ್ ಹರಿವನ್ನು ಹತೋಟಿಯಲ್ಲಿಡುವ ವಾಲ್ವ್ ಮೇಲೆ ಅನುಮಾನ. ‘ಹೀಟ್ ಆಗುತ್ತೆ’ ಅಂದ ಕೂಡಲೇ ಆ ವಾಲ್ವ್ ತೆಗೆದು ಎಸೆಯುವುದು ನಮ್ಮ ಎಷ್ಟೋ ಗ್ಯಾರೇಜುಗಳ ಹಳೆ ಚಾಳಿ. ಆಮೇಲೆ ಇಂಜಿನ್ ಸದಾ ತಣ್ಣಗಿರುತ್ತದೆ. ಕಂಪ್ಯೂಟರ್ ‘ಇನ್ನೂ ಬಿಸಿಯಾಗಿಲ್ಲ’ ಅಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ. ಒಂದು ಹೊಸ ಥರ್ಮೋಸ್ಟಾಟ್ ಹಾಕಿಸಿದರೆ ಮುಗಿಯಿತು. ಮೈಲೇಜ್ ಬಿದ್ದ ಎಷ್ಟೋ ಕಾರುಗಳ ಮೂಲ ಇದೇ.

ಡೀಸೆಲ್ ಟ್ರ್ಯಾಕ್ಟರ್, ಹಳೆ ಲಾರಿಯವರು ಕಪ್ಪು ಹೊಗೆ ಕಂಡರೆ ನಾಝಲ್ ಬಿಚ್ಚಿಸಿ ಸ್ಪ್ರೇ ಟೆಸ್ಟ್ ಮಾಡಿಸಿ. ಏರ್ ಕ್ಲೀನರ್ ತೊಳೆಸಿ.

ಡೀಸೆಲ್ ಪಂಪ್‌ಸೆಟ್ ಇಟ್ಟಿರುವ ರೈತರಂತೂ ಇಂಜಿನ್ ಬಿಟ್ಟು ಪೈಪ್ ನೋಡಬೇಕು. ಡೆಲಿವರಿ ಪೈಪನ್ನು ತೊಟ್ಟಿಯ ಮೇಲೆ ನಾಲ್ಕಡಿ ಎತ್ತಿ ನೀರು ಧುಮುಕಿಸಿದರೆ ನೋಡಲು ಚೆಂದ. ಆದರೆ ಆ ನಾಲ್ಕಡಿಗೂ ಡೀಸೆಲ್ ಬೇಕು. ಒಟ್ಟು ನಲವತ್ತಡಿ ಎತ್ತುವ ಜಾಗದಲ್ಲಿ ನಾಲ್ಕಡಿ ಅಂದರೆ ಹತ್ತರಲ್ಲಿ ಒಂದು ಪಾಲು. ಪೈಪಿನ ಬಾಯಿ ಕೆಳಗಿಳಿಸಲು ಒಂದು ಪೈಸೆ ಖರ್ಚಿಲ್ಲ. ಕಟ್ಟಿಕೊಂಡ ಫುಟ್ ವಾಲ್ವ್, ಬೇಡದ ಎಲ್ಬೋಗಳು, ತೂತು ಸಣ್ಣದಾದ ಸಕ್ಷನ್ ಪೈಪು ಇವೂ ಹೀಗೇ ಕುಡಿಯುತ್ತವೆ.

ಆದರೂ ಒಂದು ಸಲ ನೋಡೇಬೇಕು ಅಂದರೆ

ನೋಡಿ, ಆದರೆ ಸರಿಯಾಗಿ ನೋಡಿ. ಮೀಟರಿನ ‘ಆವರೇಜ್’ ನಂಬಬೇಡಿ. ಒಂದೇ ಬಂಕಿನಲ್ಲಿ, ನಾಝಲ್ ಮೊದಲ ಸಲ ಕಟ್ ಆಗುವವರೆಗೆ ಟ್ಯಾಂಕ್ ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಬಹುಪಾಲು ಖಾಲಿಯಾದ ಮೇಲೆ ಅದೇ ರೀತಿ ಮತ್ತೆ ತುಂಬಿಸಿ ಲೀಟರ್ ಬರೆದುಕೊಳ್ಳಿ. ಮ್ಯಾಗ್ನೆಟ್ ಇಲ್ಲದೆ ಕೆಲವು ಟ್ಯಾಂಕ್, ಹಾಕಿ ಕೆಲವು ಟ್ಯಾಂಕ್, ಮತ್ತೆ ತೆಗೆದು ಕೆಲವು ಟ್ಯಾಂಕ್. ಈ ಮೂರನೇ ಸುತ್ತು ಬಿಟ್ಟರೆ ಪರೀಕ್ಷೆಯೇ ಅಲ್ಲ. ಇನ್ನೂ ಚೆನ್ನಾಗಿ ಮಾಡಬೇಕಾದರೆ ಸ್ನೇಹಿತರೊಬ್ಬರಿಗೆ ಹೇಳಿ, ಒಂದು ಸಲ ಮ್ಯಾಗ್ನೆಟ್, ಒಂದು ಸಲ ಅದೇ ಅಳತೆಯ ಮರದ ತುಂಡು ಟೇಪಿನಲ್ಲಿ ಸುತ್ತಿ ಕಟ್ಟಿಸಿ. ಯಾವಾಗ ಯಾವುದಿತ್ತು ಅಂತ ಕೊನೆಯಲ್ಲಿ ಕೇಳಿ.

ಲೆಕ್ಕದಲ್ಲೂ ಹುಷಾರು. ‘ಮೈಲೇಜ್ ಶೇ 20 ಜಾಸ್ತಿ’ ಅಂದರೆ ಪೆಟ್ರೋಲ್ ಶೇ 20 ಉಳಿಯುವುದಿಲ್ಲ. ಲೀಟರಿಗೆ 15 ಕೊಡುವ ಕಾರು 18 ಕೊಟ್ಟರೆ, ತಿಂಗಳಿಗೆ 1,000 ಕಿಲೋಮೀಟರಿಗೆ 66.7 ಲೀಟರ್ ಬದಲು 55.6 ಲೀಟರ್. ಉಳಿತಾಯ ಶೇ 16.7. ಇಷ್ಟು ಉಳಿಸುವ ವಸ್ತು ಐನೂರು ರೂಪಾಯಿಗೆ ನಿಜವಾಗಿ ಸಿಗುವಂತಿದ್ದರೆ ಕಾರು ಕಂಪನಿಗಳು ಕಾರ್ಖಾನೆಯಲ್ಲೇ ಹಾಕಿ ಕಳಿಸುತ್ತಿದ್ದವು. ಗ್ರಾಂ ಲೆಕ್ಕದಲ್ಲಿ ತೂಕ ಇಳಿಸಲು ಕೋಟಿಗಟ್ಟಲೆ ಸುರಿಯುವವರು ಅವರು.

ಈಗಾಗಲೇ ಕೊಂಡಿದ್ದರೆ ಅದು ಯಾವ ತರದ್ದು ನೋಡಿ. ಪೈಪಿನ ಹೊರಗೆ ಕಟ್ಟುವಂಥದ್ದಾದರೆ ಟೈ ಕತ್ತರಿಸಿ ತೆಗೆದರಾಯಿತು. ಇಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್‌ನಂಥವುಗಳ ಹತ್ತಿರ ಮಾತ್ರ ಅದನ್ನು ಬಿಡಬೇಡಿ, ಅವುಗಳಲ್ಲಿ ಕೆಲವು ಮ್ಯಾಗ್ನೆಟ್ ಗುರುತಿಸಿಯೇ ಕೆಲಸ ಮಾಡುತ್ತವೆ. ಪೈಪ್ ಕತ್ತರಿಸಿ ನಡುವೆ ಜೋಡಿಸುವಂಥದ್ದಾದರೆ ವಿಷಯ ಗಂಭೀರ. ಪೆಟ್ರೋಲ್ ಗಾಡಿಯಲ್ಲಿ ಆ ಎರಡು ಜೋಡಣೆಯಲ್ಲಿ ಒಂದು ಸೋರಿದರೂ ಬಿಸಿ ಇಂಜಿನ್ ಮೇಲೆ ಬೀಳುತ್ತದೆ. ಡೀಸೆಲ್ ಗಾಡಿಯಲ್ಲಿ ಗಾಳಿ ಎಳೆದುಕೊಂಡು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ವಾರಂಟಿ ಇದ್ದರೆ ಅದಕ್ಕೂ ತಕರಾರು. ಅದನ್ನು ಬಿಚ್ಚಿಸಿ, ತುಂಡು ಪೈಪುಗಳನ್ನು ಮತ್ತೆ ಜೋಡಿಸದೆ, ಕಂಪನಿಯ ಒಂದೇ ಉದ್ದನೆಯ ಹೊಸ ಪೈಪ್ ಹೊಸ ಕ್ಲಿಪ್ ಸಮೇತ ಹಾಕಿಸಿ. ಗ್ಯಾರೇಜಿನಿಂದ ಹೊರಡುವ ಮೊದಲು ಇಂಜಿನ್ ಚಾಲೂ ಇಟ್ಟು ಎರಡೂ ತುದಿಯಲ್ಲಿ ಒಣ ಬಟ್ಟೆ ಒತ್ತಿ, ಒದ್ದೆಯಾಗುತ್ತದೆಯೇ ಅಂತ ನೋಡಿ.